ಭೂಸ್ವಾಧೀನಕ್ಕೆ ಕಡಿವಾಣ ಎಲ್ಲಿದೆ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಏರೋಸ್ಪೇಸ್ ಪಾರ್ಕಿಗಾಗಿ ಸ್ವಾಧೀನ ಮಾಡಿಕೊಳ್ಳುವ ಪ್ರಸ್ತಾವವನ್ನು ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಪ್ರಕಟಿಸಿದರು. 2022ರ ಏಪ್ರಿಲ್ 4ರಂದು ಶುರುವಾಗಿದ್ದ ಧರಣಿಗೆ ಅಷ್ಟು ಹೊತ್ತಿಗೆ ಮೂರು ವರ್ಷ ದಾಟಿತ್ತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ನೆಲ ಅದು. ವಿಮಾನ ನಿಲ್ದಾಣಕ್ಕೆಂದು ಈಗಾಗಲೇ ಸಾವಿರಾರು ಎಕರೆ ಬಿಟ್ಟುಕೊಟ್ಟ ತಾಲ್ಲೂಕು ಅದು. ರೈತರು ಗೆದ್ದದ್ದು ಸಂತೋಷದ ಸಂಗತಿ. ಆದರೆ ಅವರು ಗೆದ್ದ ಬಗೆಯನ್ನು ನೋಡಿದರೆ ಕಳವಳವಾಗುತ್ತದೆ. ಸರ್ಕಾರ ಹಿಂದೆ ಸರಿದದ್ದು ಧರಣಿಗೆ, ಸಾರ್ವಜನಿಕ ಒತ್ತಡಕ್ಕೆ, ರಾಜಕೀಯ ಲೆಕ್ಕಾಚಾರಕ್ಕೆ. ಹಿಂದೆ ಸರಿಯಲೇಬೇಕೆಂದು ಹೇಳುವ ಒಂದು ಕಲಮು ಕಾನೂನಿನ ಪುಸ್ತಕದಲ್ಲಿ ಇರಲಿಲ್ಲ.

ಮೂರು ವರ್ಷ ಬಿಸಿಲು ಮಳೆಯಲ್ಲಿ ಕೂರುವ ಬಲವಿಲ್ಲದ ಊರಿನ ಗತಿಯೇನು? ರಸ್ತೆಗೆ ಒಂದೂವರೆ ಎಕರೆ ಕಳೆದುಕೊಳ್ಳುವ ಒಂಟಿ ಕುಟುಂಬಕ್ಕೆ ಯಾರ ಬೆಂಬಲ? ಖಾಸಗಿ ಆಸ್ತಿಯನ್ನು ಸಾರ್ವಜನಿಕ ಉದ್ದೇಶಕ್ಕೆ ತೆಗೆದುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಅದಿಲ್ಲದೆ ಕಾಲುವೆ ಹರಿಯುವುದಿಲ್ಲ, ರೈಲು ಓಡುವುದಿಲ್ಲ. ಪ್ರಶ್ನೆ ಇರುವುದು ಆ ಅಧಿಕಾರದ ಮೇಲಿನ ಮಿತಿಗಳ ಬಗ್ಗೆ. ನಮ್ಮ ಚರ್ಚೆಯೆಲ್ಲ ಎರಡು ವಿಷಯಗಳ ಸುತ್ತ ತಿರುಗುತ್ತಿರುತ್ತದೆ: ಉದ್ದೇಶ ಸಾರ್ವಜನಿಕವೇ, ಪರಿಹಾರ ಸಾಕಷ್ಟೇ. ಎಪ್ಪತ್ತೈದು ವರ್ಷಗಳ ತಿದ್ದುಪಡಿಗಳು ಮತ್ತು ತೀರ್ಪುಗಳು ಆ ಎರಡಕ್ಕೂ ಹೇಗೋ ಒಂದಿಷ್ಟು ಕಡಿವಾಣ ಹಾಕಿವೆ. ಸರ್ಕಾರ ತೆಗೆದುಕೊಳ್ಳುವ ಕಾಲಕ್ಕೆ ಮಾತ್ರ, ವಿಶೇಷವಾಗಿ ಕರ್ನಾಟಕದಲ್ಲಿ, ಯಾವ ಕಡಿವಾಣವೂ ಬಿದ್ದಿಲ್ಲ. ಭೂಮಿ ಕಳೆದುಕೊಂಡವರಿಗೆ ಆಗಿರುವ ಅನ್ಯಾಯದಲ್ಲಿ ದೊಡ್ಡ ಪಾಲು ಅಲ್ಲಿಯೇ ಹುಟ್ಟಿದೆ ಎಂಬುದು ನನ್ನ ನಂಬಿಕೆ.

ಸಂವಿಧಾನ ಜಾರಿಗೆ ಬಂದಾಗ ಆಸ್ತಿ ಮೂಲಭೂತ ಹಕ್ಕಾಗಿತ್ತು. ಆಸ್ತಿ ಗಳಿಸುವ, ಇಟ್ಟುಕೊಳ್ಳುವ ಹಕ್ಕನ್ನು 19(1)(ಎಫ್) ವಿಧಿ ಕೊಟ್ಟಿತ್ತು. ಸ್ವಾಧೀನಕ್ಕೆ ಪರಿಹಾರವನ್ನು 31ನೇ ವಿಧಿ ಕಡ್ಡಾಯ ಮಾಡಿತ್ತು. ಹೊಸ ಗಣರಾಜ್ಯದ ಮೊದಲ ಕೆಲಸವೇ ಜಮೀನ್ದಾರಿ ರದ್ದತಿಯಾದ್ದರಿಂದ ಆ ವಿಧಿಗಳಿಗೂ ಸರ್ಕಾರಗಳಿಗೂ ಬಹುಬೇಗ ಘರ್ಷಣೆಯಾಯಿತು. ಬಿಹಾರದ ಕಾನೂನನ್ನು ಪಾಟ್ನಾ ಹೈಕೋರ್ಟ್ 1951ರಲ್ಲಿ ಅಸಿಂಧು ಮಾಡಿದ ಬೆನ್ನಲ್ಲೇ ಮೊದಲ ತಿದ್ದುಪಡಿ ಬಂತು, ಒಂಬತ್ತನೇ ಅನುಸೂಚಿ ಹುಟ್ಟಿತು. ಪಶ್ಚಿಮ ಬಂಗಾಳದ 1948ರ ಇನ್ನೊಂದು ಕಾನೂನು, ಜಮೀನನ್ನು ಎಂದೇ ತೆಗೆದುಕೊಂಡರೂ 1946ರ ಡಿಸೆಂಬರ್ 31ರ ಬೆಲೆಗಿಂತ ಹೆಚ್ಚು ಕೊಡಬೇಕಾಗಿಲ್ಲ ಎಂದು ಹೇಳಿತ್ತು. ವರ್ಷಗಳು ಕಳೆದರೂ ಬೆಲೆಯನ್ನು ಒಂದೇ ದಿನಾಂಕಕ್ಕೆ ಕಟ್ಟಿಹಾಕುವುದು ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟ್ 1953ರ ಡಿಸೆಂಬರಿನಲ್ಲಿ ಹೇಳಿತು. ಈ ತೀರ್ಪನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದೇ ಪ್ರಶ್ನೆ ಎಪ್ಪತ್ತೊಂದು ವರ್ಷಗಳ ನಂತರ ಬೆಂಗಳೂರು–ಮೈಸೂರು ಹಾದಿಯ ರೈತರ ಹೆಸರಿನಲ್ಲಿ ಅದೇ ನ್ಯಾಯಾಲಯದ ಮುಂದೆ ಮತ್ತೆ ಬಂತು.

ಪರಿಹಾರ ಸಾಲದೆಂದು ಯಾರೂ ನ್ಯಾಯಾಲಯಕ್ಕೆ ಹೋಗದಂತೆ 1955ರಲ್ಲಿ ನಾಲ್ಕನೇ ತಿದ್ದುಪಡಿ ಬಾಗಿಲು ಹಾಕಿತು. ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲಿ ಆ ಬಾಗಿಲನ್ನು ಸ್ವಲ್ಪ ತೆರೆಯಿತು, 1971ರ ಇಪ್ಪತ್ತೈದನೇ ತಿದ್ದುಪಡಿ ಮತ್ತೆ ಮುಚ್ಚಿತು. ಈ ಹಗ್ಗಜಗ್ಗಾಟ ಪರಾಕಾಷ್ಠೆ ತಲುಪಿದ್ದು ಕಾಸರಗೋಡಿನ ಎಡನೀರು ಮಠದ ಮೂಲಕ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನಿಗೆ ಕುತ್ತು ಬಂದಾಗ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ದಾವೆಯನ್ನು 13 ನ್ಯಾಯಮೂರ್ತಿಗಳ ಪೀಠ 68 ದಿನ ಆಲಿಸಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ತೀರ್ಪು ನೀಡಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂಬ ಸಿದ್ಧಾಂತ ದೇಶಕ್ಕೆ ದಕ್ಕಿತು. ಯಾವ ಹಕ್ಕಿಗಾಗಿ ಸ್ವಾಮೀಜಿ ಕೋರ್ಟಿಗೆ ಹೋಗಿದ್ದರೋ ಆ ಆಸ್ತಿಯ ಹಕ್ಕಿಗೆ ಮಾತ್ರ ಮೂಲ ಸ್ವರೂಪದ ಆಸರೆ ಸಿಗಲಿಲ್ಲ. ಜನತಾ ಸರ್ಕಾರದ ಕಾಲದ ನಲವತ್ತನಾಲ್ಕನೇ ತಿದ್ದುಪಡಿ 19(1)(ಎಫ್) ಮತ್ತು 31ನೇ ವಿಧಿಗಳನ್ನು ತೆಗೆದುಹಾಕಿತು. 1979ರ ಜೂನ್ 20ರಿಂದ ಆಸ್ತಿ 300ಎ ವಿಧಿಯಡಿ ಬರಿಯ ಸಾಂವಿಧಾನಿಕ ಹಕ್ಕಾಗಿ ಉಳಿಯಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವುದಷ್ಟೇ ಆ ವಿಧಿಯ ಮಾತು. ಪರಿಹಾರದ ಪ್ರಸ್ತಾಪ ಅದರಲ್ಲಿಲ್ಲ, ಸಾರ್ವಜನಿಕ ಉದ್ದೇಶದ ಪ್ರಸ್ತಾಪವೂ ಇಲ್ಲ.

ಈ ಹಕ್ಕನ್ನು ದುರ್ಬಲಗೊಳಿಸಿದ್ದು ತಪ್ಪೇ? ಆ ಕಾಲದ ಕರ್ನಾಟಕವನ್ನು ಕಂಡವರು ಸುಲಭವಾಗಿ ಹೌದು ಎನ್ನಲಾರರು. ಕಾಗೋಡು ಸತ್ಯಾಗ್ರಹದ ನಾಡಿನಲ್ಲಿ, ದೇವರಾಜ ಅರಸು ಕಾಲದ ತಿದ್ದುಪಡಿಯ ಮೂಲಕ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರು ಒಡೆಯರಾದರು. ಅದೂ ಖಾಸಗಿ ಆಸ್ತಿಯ ಸ್ವಾಧೀನವೇ. ಧಣಿಗಳಿಗೆ ಪೇಟೆ ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕೆಂದು ಹಠ ಹಿಡಿದಿದ್ದರೆ ಕರಾವಳಿ, ಮಲೆನಾಡಿನ ಲಕ್ಷಾಂತರ ಕುಟುಂಬಗಳು ಇಂದಿಗೂ ಗೇಣಿ ಅಳೆಯುತ್ತಿದ್ದವು. ಮನಸ್ಸಿಗೆ ಚುಚ್ಚುವುದು ಮುಂದೆ ಆದದ್ದು. ಧಣಿಯನ್ನು ಇಳಿಸಲು ಹರಿತ ಮಾಡಿದ ಅದೇ ಅಧಿಕಾರ, 1990ರ ದಶಕದ ನಂತರ ಕೈಗಾರಿಕೆ, ಬಡಾವಣೆ, ಎಕ್ಸ್‌ಪ್ರೆಸ್‌ವೇಗಳ ಹೆಸರಿನಲ್ಲಿ ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರರ ಕಡೆ ತಿರುಗಿತು. ಉಳುವವನಿಗೆ ನೆಲ ಕೊಡಿಸಿದ ರಾಜ್ಯವೇ ಅದನ್ನು ಹಿಂದಕ್ಕೆ ಕೇಳುವಾಗ, ಆತನ ಪರವಾಗಿ ಸಂವಿಧಾನದಲ್ಲಿ ಉಳಿದಿದ್ದದ್ದು ಒಂದೇ ವಾಕ್ಯ.

ಆ ಒಂದು ವಾಕ್ಯದೊಳಗೆ ಏನೇನು ಅಡಗಿದೆ ಎಂದು ಹುಡುಕುವ ಕೆಲಸವನ್ನು ನ್ಯಾಯಾಲಯಗಳು ಬಹಳ ತಡವಾಗಿ ಕೈಗೆತ್ತಿಕೊಂಡವು. ಅದರ ಮುಖ್ಯ ಮೈಲಿಗಲ್ಲುಗಳು ಕರ್ನಾಟಕದವೇ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ಅವರ ಎಸ್ಟೇಟು ಇತ್ತು. ಸುಮಾರು 468 ಎಕರೆ. ಇಬ್ಬರೂ ತೀರಿಕೊಂಡ ನಂತರ, ಮಾರಾಟದ ಹಕ್ಕುದಾವೆಗಳ ನಡುವೆಯೇ, ರಾಜ್ಯ ಸರ್ಕಾರ 1996ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಮಾಡಿ ಎಸ್ಟೇಟನ್ನು ವಶಕ್ಕೆ ತೆಗೆದುಕೊಂಡಿತು. ಈ ವಿವಾದದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2011ರ ಆಗಸ್ಟಿನಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಜೊತೆಗೇ, ಸಾರ್ವಜನಿಕ ಉದ್ದೇಶವೂ ಪರಿಹಾರ ಕೇಳುವ ಹಕ್ಕೂ 300ಎ ವಿಧಿಯ ಒಳಗೇ ಅಂತರ್ಗತವಾಗಿವೆ, ಪರಿಹಾರವೇ ಇಲ್ಲದ ಅಥವಾ ನಾಮಕಾವಸ್ತೆ ಪರಿಹಾರ ಕೊಡುವ ಕಾನೂನನ್ನು ಸರ್ಕಾರ ಸಮರ್ಥಿಸಿಕೊಳ್ಳಬೇಕಾಗುತ್ತದೆ ಎಂದು ಸ್ಪಷ್ಟಪಡಿಸಿತು. ಎಸ್ಟೇಟು ಸರ್ಕಾರಕ್ಕೆ ಹೋಯಿತು, ತತ್ತ್ವ ಪ್ರಜೆಗೆ ಸಿಕ್ಕಿತು. ಅದೇ 1996ರಲ್ಲಿ ಬೆಂಗಳೂರು ಅರಮನೆಯ 472 ಎಕರೆಗೆ 11 ಕೋಟಿ ರೂಪಾಯಿ ನಿಗದಿ ಮಾಡಿ ಇನ್ನೊಂದು ಕಾಯ್ದೆ ಬಂತು. ಹೈಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಎಳೆದಿದೆ.

ಇನ್ನೊಂದು ಎಳೆ ಬಸ್ಸುಗಳದು. ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ಸರ್ಕಾರ ವಹಿಸಿಕೊಳ್ಳಲು ಕರ್ನಾಟಕ 1976ರಲ್ಲಿ ಮಾಡಿದ ಕಾಯ್ದೆಯನ್ನು ಏಳು ನ್ಯಾಯಮೂರ್ತಿಗಳು 1977ರಲ್ಲಿ ಎತ್ತಿಹಿಡಿದರು. ಅವರಲ್ಲಿ ಮೂವರ ಪರವಾಗಿ ಕೃಷ್ಣ ಅಯ್ಯರ್ ಬರೆದ ಅಭಿಪ್ರಾಯ, ಖಾಸಗಿ ಸಂಪತ್ತೂ 39(ಬಿ) ವಿಧಿಯ ಸಮುದಾಯದ ಸಂಪನ್ಮೂಲವೇ ಎಂದಿತ್ತು. ಅಲ್ಪಮತದ ಆ ಮಾತು ಮುಂದೆ ಇತರ ತೀರ್ಪುಗಳಲ್ಲಿ ಬಲ ಪಡೆದು ದಶಕಗಳ ಕಾಲ ನಿಂತಿತು. 2024ರ ನವೆಂಬರ್ 5ರಂದು ಮುಂಬೈಯ ಆಸ್ತಿ ಮಾಲೀಕರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಲ್ಲ ಖಾಸಗಿ ಆಸ್ತಿಯೂ ಆ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಹುಮತದಿಂದ ತೀರ್ಮಾನಿಸಿತು. ಬಹುಮತದ ಬರವಣಿಗೆ ಕೃಷ್ಣ ಅಯ್ಯರ್ ಕುರಿತು ಆಡಿದ ಮಾತುಗಳನ್ನು ನ್ಯಾಯಮೂರ್ತಿ ಬಿ.ವಿ. ನಾಗರತ್ನ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪ ನನಗೆ ಸರಿ ಎನಿಸಿತು. ಒಂದು ಕಾಲದ ಹಸಿವಿಗೆ ಉತ್ತರ ಹುಡುಕಿದವರನ್ನು ಇನ್ನೊಂದು ಕಾಲದ ಸಮೃದ್ಧಿಯಿಂದ ಅಳೆಯಬಾರದು.

ಇವೆಲ್ಲ ತತ್ತ್ವದ ಮಾತು. ಸಾರ್ವಜನಿಕ ಉದ್ದೇಶ ಎಂಬ ಷರತ್ತು ವ್ಯವಹಾರದಲ್ಲಿ ಎಷ್ಟು ಬಿಗಿ ಎಂದು ನೋಡಿದರೆ ನಿರಾಶೆಯಾಗುತ್ತದೆ. 1894ರ ಭೂಸ್ವಾಧೀನ ಕಾಯ್ದೆ ಸರ್ಕಾರದ ಘೋಷಣೆಯನ್ನೇ ನಿರ್ಣಾಯಕ ಸಾಕ್ಷ್ಯವೆಂದು ಪರಿಗಣಿಸುತ್ತಿತ್ತು. ಉದ್ದೇಶ ಸಾರ್ವಜನಿಕವಲ್ಲ ಎಂಬ ಒಂದೇ ಕಾರಣಕ್ಕೆ ಸ್ವಾಧೀನ ಬಿದ್ದುಹೋದ ಉದಾಹರಣೆಗಳು ಅಪರೂಪ. ಸಿಂಗೂರಿನದನ್ನೇ ನೋಡಬಹುದು. ಟಾಟಾ ನ್ಯಾನೊ ಕಾರ್ಖಾನೆಗೆಂದು 2006ರಲ್ಲಿ ತೆಗೆದುಕೊಂಡ 997 ಎಕರೆಯ ಸ್ವಾಧೀನವನ್ನು ಸುಪ್ರೀಂ ಕೋರ್ಟ್ 2016ರ ಆಗಸ್ಟ್ 31ರಂದು ರದ್ದುಮಾಡಿತು. ಪೀಠದಲ್ಲಿದ್ದವರು ಇಬ್ಬರು. ಇದು ಕಂಪನಿಗಾಗಿ ಮಾಡಿದ ಸ್ವಾಧೀನ, ಸಾರ್ವಜನಿಕ ಉದ್ದೇಶವಲ್ಲ ಎಂದರು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ. ಉದ್ಯೋಗ ಸೃಷ್ಟಿಯೂ ಸಾರ್ವಜನಿಕ ಉದ್ದೇಶವೇ ಎಂಬ ನೆಲೆಯಲ್ಲಿ ನ್ಯಾಯಮೂರ್ತಿ ಅರುಣ್ ಮಿಶ್ರಾ ಅದನ್ನು ಒಪ್ಪಲಿಲ್ಲ. ಇಬ್ಬರೂ ಒಂದಾದದ್ದು ರೈತರ ಆಕ್ಷೇಪಣೆಗಳನ್ನು ಸರಿಯಾಗಿ ವಿಚಾರಿಸಲಿಲ್ಲ ಎಂಬ ಅಂಶದಲ್ಲಿ. ಹತ್ತು ವರ್ಷ ಬೇಸಾಯದಿಂದ ದೂರವಿದ್ದ ಕಾರಣಕ್ಕೆ ರೈತರು ಪಡೆದ ಪರಿಹಾರವನ್ನು ಹಿಂದಿರುಗಿಸಬೇಕಾಗಿಲ್ಲ ಎಂದೂ ನ್ಯಾಯಾಲಯ ಹೇಳಿತು. ಆದರೆ ಅಷ್ಟರಲ್ಲಿ ಹೊಲದ ಒಂದು ಭಾಗ ಕಾಂಕ್ರೀಟಿನ ಅಡಿಯಲ್ಲಿತ್ತು.

ಅಮೆರಿಕದಲ್ಲಿಯೂ ಇದೇ ಅನುಭವ. ಸಾರ್ವಜನಿಕ ಬಳಕೆಗೆ, ನ್ಯಾಯಯುತ ಪರಿಹಾರ ಕೊಟ್ಟು ಮಾತ್ರ ಎಂದು ಅವರ ಸಂವಿಧಾನದ ಐದನೇ ತಿದ್ದುಪಡಿ ಬಿಡಿಸಿ ಹೇಳುತ್ತದೆ. ಆದರೂ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಪಟ್ಟಣ, ಅಭಿವೃದ್ಧಿ ಯೋಜನೆಯೊಂದಕ್ಕೆ ಮನೆಗಳನ್ನು ಕಸಿದದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ 5–4ರ ಬಹುಮತದಿಂದ ಒಪ್ಪಿತು. ಯೋಜನೆ ಕೈಗೂಡದೆ ಜಾಗ ವರ್ಷಗಟ್ಟಲೆ ಪಾಳುಬಿತ್ತು. ಜನಾಕ್ರೋಶಕ್ಕೆ ಮಣಿದು ನಲವತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನನ್ನು ತಿದ್ದಿಕೊಂಡವು. ಅಲ್ಲಿಯೂ ಮಿತಿ ಬಂದದ್ದು ಶಾಸನಸಭೆಗಳ ಮೂಲಕ.

ಒಂದು ಸಂದರ್ಭದಲ್ಲಿ ಮಾತ್ರ ನಮ್ಮ ನ್ಯಾಯಾಲಯಗಳು ಉದ್ದೇಶವನ್ನು ಗಟ್ಟಿಯಾಗಿ ಹಿಡಿದಿವೆ: ಹೇಳಿದ್ದೊಂದು, ಮಾಡಿದ್ದೊಂದು ಆದಾಗ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಬಳಿ ಕೋಡಿಹಳ್ಳಿ, ಚಲ್ಲಘಟ್ಟಗಳಲ್ಲಿ 39 ಎಕರೆ 27 ಗುಂಟೆಯನ್ನು 1980ರ ದಶಕದ ಆರಂಭದಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮಕ್ಕಾಗಿ, ಗಾಲ್ಫ್ ಮೈದಾನವುಳ್ಳ ಹೋಟೆಲಿಗೆಂದು ಸ್ವಾಧೀನ ಮಾಡಲಾಯಿತು. ನಿಗಮದ ಬಳಿ ಹಣವಿರಲಿಲ್ಲ. ಜಮೀನು ಖಾಸಗಿ ಬಿಲ್ಡರುಗಳ ಕೈಗೆ ದಾಟಿತು. ಮೂಲ ಮಾಲೀಕರು ಕೋರ್ಟಿನ ಮೆಟ್ಟಿಲು ಹತ್ತಿದರು. ಒಂದು ಉದ್ದೇಶ ಹೇಳಿ ತೆಗೆದುಕೊಂಡ ಜಮೀನನ್ನು ಖಾಸಗಿಯವರಿಗೆ ವರ್ಗಾಯಿಸುವುದು ಅಧಿಕಾರದ ಮೇಲಿನ ವಂಚನೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಕಟುವಾಗಿ ಹೇಳಿ, ಜಮೀನು ಮರಳಿಸುವ ಆದೇಶವನ್ನು ಎತ್ತಿಹಿಡಿಯಿತು. ಅಧಿಸೂಚನೆಯಿಂದ ಕೊನೆಯ ತೀರ್ಪಿನವರೆಗೆ ಮೂರು ದಶಕ. ಅಷ್ಟು ವರ್ಷ ವಕೀಲರ ಶುಲ್ಕ ಭರಿಸಬಲ್ಲವರಿಗೆ ಮಾತ್ರ ಸಿಕ್ಕುವ ನ್ಯಾಯ ಅದು.

ಪ್ರಾಥಮಿಕ ಅಧಿಸೂಚನೆ ಹೊರಟ ಹಳ್ಳಿಯೊಂದರಲ್ಲಿ ಏನಾಗುತ್ತದೆ ಎಂಬುದು ತೀರ್ಪುಗಳಲ್ಲಿ ಕಾಣುವುದು ಕಡಿಮೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, ಅಂದರೆ 1966ರ ಕೆಐಎಡಿಬಿ ಕಾಯ್ದೆಯ 28(1)ನೇ ಕಲಮಿನಡಿ ಅಧಿಸೂಚನೆ ಬರುತ್ತದೆ. ನೋಟಿಸು ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ. ಬಹಳ ಮನೆಗಳಲ್ಲಿ ಅಲ್ಲಿರುವುದು ತೀರಿಹೋದ ತಾತನ ಹೆಸರು. ಪೌತಿ ಖಾತೆ ಆಗಿರುವುದಿಲ್ಲ, ಅಣ್ಣತಮ್ಮಂದಿರ ನಡುವೆ ಪೋಡಿ ಆಗಿರುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಕೆಐಎಡಿಬಿ ಎಂದು ನಮೂದಾದ ದಿನದಿಂದ ಆ ಸರ್ವೆ ನಂಬರಿಗೆ ಗ್ರಹಣ ಹಿಡಿಯುತ್ತದೆ. ಬ್ಯಾಂಕಿನವರು ಪಹಣಿ ನೋಡಿ ಸಾಲಕ್ಕೆ ಹಿಂದೆಮುಂದೆ ನೋಡುತ್ತಾರೆ. ಮಗಳ ಮದುವೆಗೆ ಅರ್ಧ ಎಕರೆ ಮಾರೋಣವೆಂದರೆ ನೇರ ಗಿರಾಕಿ ಬರುವುದಿಲ್ಲ. ಬರುವವನು ಅರ್ಧ ಬೆಲೆಗೆ ಕೇಳುವ ದಲ್ಲಾಳಿ. ಬತ್ತಿದ ಬೋರ್‌ವೆಲ್ಲಿನ ಬದಲು ಹೊಸದು ಕೊರೆಸುವುದೋ ಬೇಡವೋ, ದ್ರಾಕ್ಷಿ ಚಪ್ಪರಕ್ಕೆ ಹೊಸ ಕಲ್ಲುಕಂಬ ನಿಲ್ಲಿಸುವುದೋ ಬೇಡವೋ ಎಂದು ಯಾರಿಗೂ ಹೇಳಲಾಗುವುದಿಲ್ಲ. ಆಕ್ಷೇಪಣೆ ಸಲ್ಲಿಸಿದವರನ್ನು ವಿಶೇಷ ಭೂಸ್ವಾಧೀನಾಧಿಕಾರಿ ಕರೆಸುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. 28(4)ರ ಅಂತಿಮ ಅಧಿಸೂಚನೆ ಎಷ್ಟು ದಿನದಲ್ಲಿ ಬರಬೇಕು? ಕಾಯ್ದೆಯಲ್ಲಿ ಗಡುವಿಲ್ಲ. ಪರಿಹಾರ ನಿಗದಿ ಮಾಡುವ ಐತೀರ್ಪು ಎಷ್ಟು ದಿನದಲ್ಲಿ? ಅದಕ್ಕೂ ಇಲ್ಲ.

1894ರ ಕಾಯ್ದೆಗೆ 1984ರಲ್ಲಿ ಒಂದು ಒಳ್ಳೆಯ ತಿದ್ದುಪಡಿಯಾಗಿತ್ತು: ಘೋಷಣೆಯಾದ ಎರಡು ವರ್ಷದೊಳಗೆ ಐತೀರ್ಪು ಆಗದಿದ್ದರೆ ಸ್ವಾಧೀನವೇ ರದ್ದು. ರಾಜ್ಯದ ರೈತರು ಅದರ ರಕ್ಷಣೆ ಕೇಳಿದರು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಸ್ವಾಧೀನಗಳಿಗೆ ಈ ಗಡುವು ಅನ್ವಯಿಸದೆಂದು ಸಾಂವಿಧಾನಿಕ ಪೀಠ 2011ರ ಜನವರಿಯಲ್ಲಿ ಹೇಳಿತು. ಮುಂದಿನ ತಿಂಗಳೇ ಕೆಐಎಡಿಬಿಗೂ ಅನ್ವಯಿಸದೆಂಬ ತೀರ್ಪು ಬಂತು. ಹೀಗೆ ರಾಜ್ಯದಲ್ಲಿ ಅತಿ ಹೆಚ್ಚು ಬಳಕೆಯಾಗುವ ಎರಡು ಕಾಯ್ದೆಗಳಲ್ಲಿಯೇ ಐತೀರ್ಪಿಗೆ ಗಡುವಿಲ್ಲದಂತಾಯಿತು. ಬಿಡಿಎ ಕಾಯ್ದೆಯ 27ನೇ ಕಲಮು, ಐದು ವರ್ಷದಲ್ಲಿ ಬಡಾವಣೆ ಗಣನೀಯವಾಗಿ ಜಾರಿಯಾಗದಿದ್ದರೆ ಯೋಜನೆ ಲುಪ್ತವಾಗುತ್ತದೆ ಎನ್ನುತ್ತದಾದರೂ, ಗಣನೀಯವೆಂದರೆ ಎಷ್ಟು ಎಂಬುದೇ ಪ್ರತಿ ಬಾರಿಯ ದಾವೆ. ಶಿವರಾಮ ಕಾರಂತ ಬಡಾವಣೆಗೆ 3,546 ಎಕರೆಯ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರ ಡಿಸೆಂಬರಿನಲ್ಲಿ. ಯೋಜನೆ ಮುಂದುವರಿಸಲು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಆಗಸ್ಟಿನಲ್ಲಿ. ನಡುವಿನ ಹತ್ತು ವರ್ಷದಲ್ಲಿ ಜನ ಸೈಟು ಕೊಂಡರು, ಮನೆ ಕಟ್ಟಿದರು, ಮಕ್ಕಳನ್ನು ಬೆಳೆಸಿದರು.

ಅನಿಶ್ಚಿತತೆ ಉದ್ದವಾದಷ್ಟೂ ಡಿನೋಟಿಫಿಕೇಷನ್ ದಂಧೆಗೆ ಅವಕಾಶ ಹೆಚ್ಚು. ಅಧಿಸೂಚನೆಯ ಭಯದಲ್ಲಿ ರೈತನಿಂದ ಅಗ್ಗಕ್ಕೆ ಕೊಂಡು, ಪ್ರಭಾವ ಬೀರಿ ಆ ಸರ್ವೆ ನಂಬರನ್ನು ಕೈಬಿಡಿಸಿ, ನಂತರ ಪೂರ್ತಿ ಬೆಲೆಗೆ ಮಾರುವ ವ್ಯಾಪಾರ ಬೆಂಗಳೂರಿನ ಸುತ್ತ ಎಷ್ಟು ರಾಜಕಾರಣಗಳನ್ನು ಅಲುಗಾಡಿಸಿದೆ ಎಂಬುದನ್ನು ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. 16 ಹಳ್ಳಿಗಳ ಅರ್ಕಾವತಿ ಬಡಾವಣೆಯ ಪ್ರಕರಣದಲ್ಲಿ ಪಕ್ಕದ ಜಮೀನನ್ನು ಬಿಟ್ಟು ನಮ್ಮದನ್ನು ಮಾತ್ರ ಏಕೆ ತೆಗೆದುಕೊಂಡಿರಿ ಎಂಬ ಪ್ರಶ್ನೆಯೇ ಕೇಂದ್ರದಲ್ಲಿತ್ತು. ಅಂಥ ತಾರತಮ್ಯದ ದೂರುಗಳನ್ನು ಮತ್ತೆ ಪರಿಶೀಲಿಸುವ ಅವಕಾಶವನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಕೊಡಬೇಕಾಯಿತು.

ಕಾಲ ಹೇಗೆ ಪರಿಹಾರವನ್ನೇ ತಿಂದುಹಾಕುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರಿಗಿಂತ ದೊಡ್ಡ ಸಾಕ್ಷಿ ಬೇಡ. 1997ರ ಒಪ್ಪಂದ 20,193 ಎಕರೆಯ ಮಾತಾಡಿತ್ತು. ಮೈಸೂರಿನವರೆಗಿನ ಎಕ್ಸ್‌ಪ್ರೆಸ್‌ವೇ ಆ ಯೋಜನೆಯಲ್ಲಿ ಆಗಲೇ ಇಲ್ಲ. 2023ರಲ್ಲಿ ಉದ್ಘಾಟನೆಯಾದ ದಶಪಥ ಬೇರೆ ಯೋಜನೆಯದು. ಕಾರಿಡಾರಿಗೆ ಜಮೀನು ಕಳೆದುಕೊಂಡ ಕೆಲವರಿಗೆ ಪ್ರಾಥಮಿಕ ಅಧಿಸೂಚನೆ ಬಂದದ್ದು 2003ರಲ್ಲಿ, ಜಮೀನು ವಶವಾದದ್ದು 2005ರಲ್ಲಿ. ಐತೀರ್ಪು ಆಗಲಿಲ್ಲ, ಒಂದು ರೂಪಾಯಿಯೂ ಸಿಗಲಿಲ್ಲ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ 2019ರ ಏಪ್ರಿಲ್ 22ರಂದು ಐತೀರ್ಪು ಬಂತು. ಅದೂ 2011ರ ಮಾರ್ಗಸೂಚಿ ದರದಲ್ಲಿ. 2003ರ ದರ ಕೊಟ್ಟರೆ ಸಂವಿಧಾನವನ್ನೇ ಅಣಕಿಸಿದಂತಾಗುತ್ತದೆ ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು, 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಬೆಲೆಯನ್ನು 2019ರ ಏಪ್ರಿಲ್ 22ಕ್ಕೆ ಲೆಕ್ಕ ಹಾಕಿ ಹೊಸ ಐತೀರ್ಪು ಮಾಡಲು ಆದೇಶಿಸಿತು. ತೀರ್ಪು ಹೃದಯವಂತಿಕೆಯದು. ಆದರೆ 142ನೇ ವಿಧಿ ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ. ಹಣ ತಡವಾದರೆ ಬೆಲೆಯ ದಿನಾಂಕವೂ ಮುಂದೆ ಸರಿಯಬೇಕು ಎಂಬ ಸಾಮಾನ್ಯ ನಿಯಮವನ್ನು ದೆಹಲಿಯವರೆಗೆ ಹೋಗಿ ಬೇಡಬೇಕೇ? ಅದು ಕಾಯ್ದೆಯಲ್ಲಿಯೇ ಇರಬೇಕಿತ್ತು.

2013ರ ಭೂಸ್ವಾಧೀನ ಕಾಯ್ದೆ ಇದನ್ನೆಲ್ಲ ಸರಿಪಡಿಸುತ್ತದೆ ಎಂಬ ಭರವಸೆ ಹುಟ್ಟಿಸಿತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ ಅದು ನಿಜಕ್ಕೂ ದೊಡ್ಡ ಹೆಜ್ಜೆ. ಖಾಸಗಿ ಕಂಪನಿಗಾದರೆ ಬಾಧಿತರಲ್ಲಿ ಶೇ 80ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವಕ್ಕಾದರೆ ಶೇ 70ರಷ್ಟು ಜನರ ಒಪ್ಪಿಗೆ ಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಜಮೀನಿಲ್ಲದಿದ್ದರೂ ಮೂರು ವರ್ಷದಿಂದ ಅದೇ ನೆಲ ನಂಬಿ ಬದುಕಿದ ಕೂಲಿಕಾರ, ಗೇಣಿದಾರ, ಕುಶಲಕರ್ಮಿಯೂ ಬಾಧಿತ ಕುಟುಂಬವೇ. ಈ ಕೊನೆಯದು ನನಗೆ ಆ ಕಾಯ್ದೆಯ ಅತ್ಯಂತ ಮಾನವೀಯ ಸಾಲು. ನಮ್ಮ ಹಳೆಯ ಕಾನೂನುಗಳ ಕಣ್ಣಿಗೆ ಪಹಣಿಯಲ್ಲಿ ಹೆಸರಿಲ್ಲದವರು ಬಿದ್ದೇ ಇರಲಿಲ್ಲ.

ಪರಿಹಾರದ ಲೆಕ್ಕವೂ ಬದಲಾಯಿತು. ಗ್ರಾಮೀಣ ಜಮೀನಿನ ಮಾರುಕಟ್ಟೆ ಬೆಲೆಯನ್ನು ಎರಡರವರೆಗೆ ಗುಣಿಸಿ, ಬಂದದ್ದಕ್ಕೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸಬೇಕು. ದಾಖಲೆಯಲ್ಲಿ ಎಕರೆಗೆ 10 ಲಕ್ಷ ಇದ್ದರೆ, ಎರಡರಿಂದ ಗುಣಿಸಿದಾಗ 20 ಲಕ್ಷ, ಸಾಂತ್ವನ ಧನ ಸೇರಿ 40 ಲಕ್ಷ. ನಾಲ್ಕು ಪಟ್ಟು ಎಂದು ಮಂತ್ರಿಗಳು ಹೇಳುವುದು ಇದನ್ನೇ. ನೋಂದಣಿ ಕಚೇರಿಯಲ್ಲಿ ಬರೆಸುವ ಬೆಲೆಗೂ ಕೈಯಿಂದ ಕೈಗೆ ಹೋಗುವ ಬೆಲೆಗೂ ಇರುವ ಅಂತರ ಗೊತ್ತಿದ್ದವರಿಗೆ ಆ ನಾಲ್ಕು ಪಟ್ಟು ಎಷ್ಟೆಂದು ಗೊತ್ತು. ನಿಜವಾದ ಬೆಲೆ 40 ಲಕ್ಷವೇ ಆಗಿದ್ದರೆ ರೈತನಿಗೆ ಸಿಕ್ಕಿದ್ದು ಬರಿಯ ಬೆಲೆ, ಬಲವಂತದಿಂದ ಕಿತ್ತುಕೊಂಡದ್ದಕ್ಕೆ ಏನೂ ಸಿಗಲಿಲ್ಲ. ಮುದ್ರಾಂಕ ಶುಲ್ಕ ಉಳಿಸಲು ಕಡಿಮೆ ಬೆಲೆ ಬರೆಸುವ ಊರಿನ ಹಳೆಯ ರೂಢಿಗೆ ಬಲಿಯಾಗುವವನು ಕೊನೆಗೆ ಎಂದೂ ಜಮೀನು ಮಾರದ ರೈತ.

ಕಾಯ್ದೆಯ ಕಟ್ಟು ಸಡಿಲವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಕೇಂದ್ರ ಸರ್ಕಾರ 2014ರ ಡಿಸೆಂಬರ್ ಕೊನೆಯ ದಿನ ಸುಗ್ರೀವಾಜ್ಞೆ ತಂದು ಒಪ್ಪಿಗೆಯ ಷರತ್ತಿನಿಂದ ಹಲವು ಬಗೆಯ ಯೋಜನೆಗಳನ್ನು ಹೊರಗಿಡಲು ನೋಡಿತು. ಸಂಸತ್ತಿನಲ್ಲಿ ಅದು ದಾಟದೆ 2015ರ ಆಗಸ್ಟಿನಲ್ಲಿ ಬಿದ್ದುಹೋಯಿತು. ದೆಹಲಿಯಲ್ಲಿ ಆಗದ್ದನ್ನು ರಾಜ್ಯಗಳು ಮಾಡಿಕೊಂಡವು. ಗುಜರಾತಿನ ಹಾದಿಯಲ್ಲಿಯೇ ಕರ್ನಾಟಕವೂ 2019ರಲ್ಲಿ ತಿದ್ದುಪಡಿ ತಂದು ಕೈಗಾರಿಕಾ ಕಾರಿಡಾರ್, ಮೂಲಸೌಕರ್ಯ, ವಸತಿ ಮುಂತಾದವುಗಳಿಗೆ ವಿನಾಯಿತಿಯ ದಾರಿ ಮಾಡಿಕೊಂಡಿತು. ಅಷ್ಟಕ್ಕೂ ನಮ್ಮಲ್ಲಿ ಕೇಂದ್ರ ಕಾಯ್ದೆಯ ಹಾದಿ ತುಳಿಯುವ ಅಗತ್ಯವೇ ಕಡಿಮೆ. ಕೈಗಾರಿಕೆಗೆ ಕೆಐಎಡಿಬಿ ಇದೆ. ನಮ್ಮ ಮೆಟ್ರೊಗೂ ಅದರ ಮೂಲಕವೇ ಜಮೀನು ಬಂದಿದೆ. ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ ಎರಡೂ ಆ ಕಾಯ್ದೆಯಲ್ಲಿಲ್ಲ. ಬಡಾವಣೆಗೆ ಬಿಡಿಎ ಇದೆ. ಅದರ ಸ್ವಾಧೀನಗಳಿಗೆ 2013ರ ಕಾಯ್ದೆ ಅನ್ವಯಿಸುವುದಿಲ್ಲ, 1894ರದೇ ಅನ್ವಯ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದೆ. ಸಂಸತ್ತು ರದ್ದು ಮಾಡಿದ ವಸಾಹತು ಕಾಲದ ಕಾನೂನು ಬೆಂಗಳೂರಿನ ಅಂಚಿನಲ್ಲಿ ಇನ್ನೂ ಜೀವಂತವಾಗಿದೆ. ಇದನ್ನು ಒಪ್ಪಿಕೊಂಡು ಕೂರುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುತ್ತಿಲ್ಲ.

2013ರ ಕಾಯ್ದೆಯೊಳಗಿನ ಕಾಲಮಿತಿಗಳೂ ಸವೆದಿವೆ. ಹಳೆಯ ಕಾಯ್ದೆಯಡಿ ಐತೀರ್ಪಾಗಿ ಐದು ವರ್ಷ ಕಳೆದರೂ ಹಣ ಕೊಡದ ಅಥವಾ ವಶಕ್ಕೆ ಪಡೆಯದ ಸ್ವಾಧೀನಗಳು ಲುಪ್ತವಾಗುತ್ತವೆ ಎಂದು 24ನೇ ಕಲಮನ್ನು ಮೊದಲು ಓದಲಾಗಿತ್ತು. ಎರಡೂ ಆಗದಿದ್ದರೆ ಮಾತ್ರ ಲುಪ್ತ ಎಂದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಐವರ ಪೀಠ 2020ರ ಮಾರ್ಚ್‌ನಲ್ಲಿ ತೀರ್ಮಾನಿಸಿತು. ವಶಕ್ಕೆ ಪಡೆದುದಕ್ಕೆ ಮಹಜರು ಬರೆದಿದ್ದರೂ ಸಾಕೆಂದಾಗ, ರೈತ ಉಳುತ್ತಲೇ ಇದ್ದ ಹೊಲ ಕಾಗದದಲ್ಲಿ ಸರ್ಕಾರದ್ದಾಯಿತು. ಐದು ವರ್ಷ ಬಳಸದೆ ಬಿಟ್ಟ ಜಮೀನನ್ನು ಮರಳಿಸಬೇಕೆನ್ನುವ 101ನೇ ಕಲಮು, ಮಾಲೀಕನಿಗೆ ಅಥವಾ ಸರ್ಕಾರದ ಭೂಬ್ಯಾಂಕಿಗೆ ಎಂಬ ಆಯ್ಕೆಯನ್ನು ಸರ್ಕಾರಕ್ಕೇ ಬಿಟ್ಟಿದೆ.

ಭರವಸೆಯ ಬೆಳಕು ಇಲ್ಲವೆಂದಲ್ಲ. ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2024ರ ಮೇ 16ರಂದು ಪಿ.ಎಸ್. ನರಸಿಂಹ ಮತ್ತು ಅರವಿಂದ ಕುಮಾರ್ ಅವರ ಪೀಠ 300ಎ ವಿಧಿಯೊಳಗೆ ಏಳು ಹಕ್ಕುಗಳಿವೆ ಎಂದಿತು. ನೋಟಿಸು, ಆಕ್ಷೇಪಣೆ ಆಲಿಸುವುದು, ಕಾರಣ ಕೊಟ್ಟ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ ಇವೆಲ್ಲ ಹಿಂದೆಯೂ ಕೇಳಿದ್ದವು. ಹೊಸದಾಗಿ ಕಂಡದ್ದು ಕೊನೆಯ ಎರಡು: ಪ್ರಕ್ರಿಯೆ ದಕ್ಷವಾಗಿ, ಹೇಳಿದ ಕಾಲದೊಳಗೆ ನಡೆಯಬೇಕು, ಅದಕ್ಕೊಂದು ಮುಕ್ತಾಯ ಇರಬೇಕು. ಕಾಲಕ್ಕೆ ಸಂವಿಧಾನದೊಳಗೇ ಜಾಗ ಕೊಟ್ಟ ತೀರ್ಪು ಇದು. ಕೆಐಎಡಿಬಿ ಕಾಯ್ದೆಯ ಗಡುವಿಲ್ಲದ ಅಧಿಸೂಚನೆಗಳನ್ನು ಈ ಅಳತೆಗೋಲಿನಲ್ಲಿ ನಮ್ಮ ಹೈಕೋರ್ಟ್ ಪರೀಕ್ಷಿಸಬಹುದು. ಅದಕ್ಕೆ ಕಾಯದೆ ವಿಧಾನಸಭೆಯೇ ತಿದ್ದುಪಡಿ ತರುವುದು ಮೇಲು. 28(1)ಕ್ಕೂ 28(4)ಕ್ಕೂ ನಡುವೆ ಒಂದು ವರ್ಷ, ಆಮೇಲೆ ಐತೀರ್ಪಿಗೆ ಇನ್ನೊಂದು ವರ್ಷ. ಮೀರಿದರೆ ಅಧಿಸೂಚನೆ ತಾನಾಗಿ ರದ್ದು, ಪಹಣಿಯ ನಮೂದೂ ತಾನಾಗಿ ತೆಗೆದುಹೋಗಬೇಕು. ಹಣ ಪಾವತಿಯಾಗುವ ವರ್ಷದ ಬೆಲೆಯೇ ಬೆಲೆ. ಇದರಿಂದ ಕೈಗಾರಿಕೆ ನಿಂತುಹೋಗುತ್ತದೆ ಎನ್ನುವವರು, ಗಡುವಿಲ್ಲದ ಈಗಿನ ಪದ್ಧತಿಯಲ್ಲಿ ಎಷ್ಟು ಕೈಗಾರಿಕೆಗಳು ವ್ಯಾಜ್ಯದಲ್ಲಿ ನಿಂತಿವೆ ಎಂಬುದನ್ನೂ ಲೆಕ್ಕ ಹಾಕಬೇಕು.

ಅಣೆಕಟ್ಟುಗಳ ವಿಷಯ ಇನ್ನೂ ಕಠಿಣ. ಅಲ್ಲಿ ಉದ್ದೇಶದ ಬಗ್ಗೆ ತಕರಾರಿಲ್ಲ, ಬೇರೆ ಜಾಗ ಆರಿಸುವ ಅವಕಾಶವೂ ಇಲ್ಲ, ಊರಿಗೆ ಊರೇ ನೀರಿನಡಿ ಹೋಗುತ್ತದೆ. ನಾಡಿಗೆ ಬೆಳಕು ಕೊಡಲೆಂದು 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಪೂರ್ಣಗೊಂಡಿತು. ಶರಾವತಿ ಹಿನ್ನೀರಿನಿಂದ ಎದ್ದುಹೋಗಿ ಕಾಡಿನಂಚಿನಲ್ಲಿ ನೆಲೆಸಿದ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಅರಣ್ಯ ಕಾನೂನಿನ ಸಿಕ್ಕಿನಲ್ಲಿ ಆರು ದಶಕಗಳಾದರೂ ಬಿಡಿಸಿಕೊಂಡಿಲ್ಲ. ಮೊಮ್ಮಕ್ಕಳು ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಅಂದಿನ ಸರ್ಕಾರ ಜಮೀನು ತೆಗೆದುಕೊಂಡಿತು, ನೀರು ನಿಲ್ಲಿಸಿತು. ಬದಲಿ ಜಮೀನಿನ ಕಾಗದವನ್ನು ಅದಕ್ಕೂ ಮೊದಲೇ ಕೈಗೆ ಕೊಡಬೇಕೆಂಬ ನಿಯಮ ಇರಲಿಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಈಗ ಅದೇ ತಿರುವಿನಲ್ಲಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲಿ ಅವಕಾಶ ಕೊಟ್ಟಿತು. ಅಂದಿನಿಂದ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನದಿದಂಡೆಯ ಊರುಗಳು ಮುಳುಗಡೆಯ ಪಟ್ಟಿಯಲ್ಲಿ ಹೆಸರಿಟ್ಟುಕೊಂಡು ಬದುಕುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ದರ ಒಪ್ಪಿತು. ಮುಳುಗುವ ನೆಲವೇ ಸುಮಾರು 75 ಸಾವಿರ ಎಕರೆ. ದರ ನಿಗದಿಯಾದದ್ದು ಒಳ್ಳೆಯದೇ. ಸಂತ್ರಸ್ತರು ಬಹುಕಾಲದಿಂದ ಕೇಳುತ್ತಿದ್ದದ್ದು ಅದನ್ನೇ. ಆದರೆ ಹಣಕ್ಕೆ ದಿನಾಂಕ ಬೇಕು. ಯಾವ ಹಳ್ಳಿಗೆ ಯಾವ ತಿಂಗಳು ಪಾವತಿ, ಪುನರ್ವಸತಿ ಕೇಂದ್ರದಲ್ಲಿ ಯಾವ ತಿಂಗಳು ಸೈಟು, ಆ ತಿಂಗಳು ತಪ್ಪಿದರೆ ದರ ಎಷ್ಟು ಏರುತ್ತದೆ ಎಂಬುದು ಆದೇಶದಲ್ಲಿ ಬರಹದಲ್ಲಿರಬೇಕು, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಿರಬೇಕು. ಕಟ್ಟೆಯ ಗೇಟು ಎತ್ತರಿಸುವ ಕೆಲಸ ಆ ಪಾವತಿಗಳೆಲ್ಲ ಮುಗಿದ ಮೇಲೆಯೇ ಆರಂಭವಾಗಬೇಕು.